ಮುನ್ನೂರೆಂಟು ವರ್ಷದ ಸುಳ್ಳು

ರೋಸ್ವಿಟಾ ಹಾವೆಲ್ಕಾ ಡ್ಯೂರನ್‌ಹಾಜಲ್‌ನಲ್ಲೇ ಹುಟ್ಟಿದವಳು, ಮೂವತ್ತಾರು ವರ್ಷ ಅದೇ ಊರಿಗೆ ಟಪಾಲು ಹಂಚಿದವಳು. ಯಾರ ಮನೆಯ ನಾಯಿ ಕಚ್ಚುತ್ತದೆ, ಹಿಮ ಬಿದ್ದಾಗ ಯಾರ ಮೆಟ್ಟಿಲು ಜಾರುತ್ತದೆ, ಯಾವ ವಿಧವೆಗೆ ಯಾವೂರಿನಿಂದ ಕಾಗದ ಬರುತ್ತದೆ, ಎಲ್ಲ ಅವಳಿಗೆ ಗೊತ್ತು. ಆದರೂ ಊರವರ ಬಾಯಲ್ಲಿ ಅವಳು ‘ಬಂದವರ ಮನೆಯ ರೋಸಿ’. ಎರಡನೇ ಮಹಾಯುದ್ಧ ಮುಗಿದ ಮರುವರ್ಷ, ಜರ್ಮನ್ ಮಾತಾಡುವವನೆಂದು ಅವಳಪ್ಪನನ್ನು ಬೊಹೀಮಿಯಾದಿಂದ ಓಡಿಸಿ, ದನ ತುಂಬುವ ರೈಲುಡಬ್ಬಿಯಲ್ಲಿ ತಂದು ಜರ್ಮನಿಯ ಈ ಊರಿನಲ್ಲಿ ಇಳಿಸಿದ್ದರು. ಯಾರೋ ಒಬ್ಬ ರೈತ ಹಂದಿಗೂಡಿನ ಮೇಲಿನ ಕೋಣೆ ಬಿಟ್ಟುಕೊಟ್ಟಿದ್ದ. ಅದಾಗಿ ಎಪ್ಪತ್ತೆಂಟು ವರ್ಷವಾಯಿತು. ಈ ಊರಿನ ಲೆಕ್ಕದಲ್ಲಿ ಅದು ಮೊನ್ನೆ.

ನಿವೃತ್ತಿಯಾದ ಮೇಲೆ ಊರಿನ ಚರಿತ್ರೆ ಬರೆದಿಡುವ ಕೆಲಸ ಅವಳ ತಲೆಗೆ ಬಂತು. ಬೇರೆ ಯಾರಿಗೂ ಬೇಡವಾಗಿತ್ತು, ಹಾಗಾಗಿ ಅವಳಿಗೆ ಸಿಕ್ಕಿತು. ಮುಚ್ಚಿಹೋದ ಶಾಲೆಯ ಒಂದು ಕಪಾಟು, ಅದರೊಳಗೆ ಹಿಂದಿನ ಕಾಲದ ಮೇಷ್ಟರೊಬ್ಬರು ಬರೆದಿಟ್ಟ ನೋಟುಬುಕ್ಕು. 1224ರಲ್ಲಿ ಒಬ್ಬ ಧಣಿ ಡ್ಯೂರನ್‌ಹಾಜಲ್‌ನ ತನ್ನ ಹೊಲಮನೆಯನ್ನು ಮಠಕ್ಕೆ ದಾನ ಕೊಟ್ಟ ಎಂದು ಮೊದಲ ಪುಟದಲ್ಲೇ ಇತ್ತು. ಅಂದರೆ 2024ಕ್ಕೆ ಎಂಟುನೂರು ತುಂಬುತ್ತದೆ. ಊರ ಮುಖ್ಯಸ್ಥ ಎಕಾರ್ಟ್ ಲ್ಯೋಬರ್ ಎರಡು ವರ್ಷ ಮೊದಲೇ ಹಬ್ಬಕ್ಕೆ ಟೊಂಕ ಕಟ್ಟಿದ. ಟ್ರ್ಯಾಕ್ಟರ್ ರಿಪೇರಿಯವನು ಅವನು, ರೋಸ್ವಿಟಾಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಹಬ್ಬದ ಪುಸ್ತಕವನ್ನು ಅವಳಿಗೇ ವಹಿಸಿದ.

ಅವಳಿಗೋ, ಕಣ್ಣಾರೆ ಕಾಣದೆ ಯಾವುದನ್ನೂ ಬರೆಯುವ ಮನಸ್ಸಿಲ್ಲ. ದಿನಕ್ಕೆರಡೇ ಸಲ ಬರುವ ಬಸ್ಸು ಹಿಡಿದು ಪಟ್ಟಣಕ್ಕೆ ಹೋಗಿ, ಹಳೆಯ ದಾಖಲೆಗಳ ಕಚೇರಿಯಲ್ಲಿ ಆ ದಾನಪತ್ರ ತೆಗೆಸಿದಳು. ಅಲ್ಲಿದ್ದ ಹುಡುಗಿ ಲ್ಯಾಟಿನ್ ಅಕ್ಷರದ ಮೇಲೆ ಬೆರಳಾಡಿಸುತ್ತ ಓದಿ ಹೇಳಿದಳು: “ಒಂದು ಹೊಲಮನೆ, ಹಳ್ಳದ ಮೇಲಿನ ಗಿರಣಿ, ಮತ್ತೆ ದಕ್ಷಿಣದ ಇಳಿಜಾರಿನ ದ್ರಾಕ್ಷಿತೋಟ.”

“ಏನಂದ್ರಿ? ದ್ರಾಕ್ಷಿತೋಟನಾ?”

“ಹೌದು, ಹಾಗೇ ಇದೆ.”

ರೋಸ್ವಿಟಾ ತಾನೂ ಆ ಸಾಲಿನ ಮೇಲೆ ಬಗ್ಗಿದಳು. ಡ್ಯೂರನ್‌ಹಾಜಲ್ ಇರುವುದು ಫೋಗೆಲ್ಸ್‌ಬೆರ್ಗ್ ಗುಡ್ಡದ ನೆತ್ತಿಯ ಮೇಲೆ. ಗೇಣುದ್ದ ಅಗೆದರೆ ಸಾಕು, ಗುದ್ದಲಿಗೆ ಕರಿಕಲ್ಲು ಠಣ್ಣೆನ್ನುತ್ತದೆ. ಮೇ ತಿಂಗಳು ಮುಗಿಯುವವರೆಗೂ ಮಂಜು ಚಿಗುರನ್ನು ಸುಡುತ್ತದೆ, ಪ್ಲಮ್ ಹಣ್ಣೇ ಮೂರು ವರ್ಷಕ್ಕೊಮ್ಮೆ ಸರಿಯಾಗಿ ಮಾಗುವುದು. ಇನ್ನು ಹಳ್ಳ? ಜುಲೈ ಬಂದರೆ ಅದರಲ್ಲಿ ಬಾತುಕೋಳಿಗಳು ಕಾಲು ಒದ್ದೆಯಾಗದಂತೆ ಓಡಾಡುತ್ತವೆ. ಅದರಿಂದ ಗಿರಣಿಕಲ್ಲು ತಿರುಗಬೇಕೆ? ಮೇಷ್ಟರು ಗಿರಣಿಯನ್ನೂ ದ್ರಾಕ್ಷಿಯನ್ನೂ ಮೆಲ್ಲಗೆ ಬಿಟ್ಟು ಮಿಕ್ಕಿದ್ದನ್ನಷ್ಟೇ ನಕಲು ಮಾಡಿಕೊಂಡಿದ್ದರು.

ಮತ್ತೆ ಐದು ಸಲ ಪಟ್ಟಣಕ್ಕೆ ಅಲೆದಳು. ಅದೇ ಹೆಸರಿನ ಇನ್ನೊಂದು ಊರು ದೂರದ ಮೈನ್ ನದಿಯ ಕಣಿವೆಯಲ್ಲಿತ್ತಂತೆ. ಹದಿನೇಳನೇ ಶತಮಾನದ ಮೂವತ್ತು ವರ್ಷದ ಯುದ್ಧದಲ್ಲಿ ಸುಟ್ಟು ಬೂದಿಯಾಗಿ, ಈಗ ಆ ಜಾಗದಲ್ಲಿ ಬೀಟ್‌ರೂಟ್ ಹೊಲ. ದಾನಪತ್ರ ಆ ಸತ್ತ ಊರಿನದು. ಇವಳ ಊರಿನ ಹೆಸರು ಮೊದಲು ಕಾಣಿಸುವುದು 1532ರ ಒಂದು ಪಟ್ಟಿಯಲ್ಲಿ. ಏಳು ಒಲೆ, ಅಂದರೆ ಏಳು ಮನೆ. ಒಂದೊಂದರ ಯಜಮಾನನ ಹೆಸರೂ ಇತ್ತು. ಮೂರನೆಯ ಹೆಸರು ಹೆನ್ನೆ ಲ್ಯೋಬರ್, ಎರಡು ಹಸು. ವಾಪಸು ಬರುವಾಗ ಬಸ್ಸಿನಲ್ಲಿ ಅವಳಿಗೆ ಸಂತೋಷವೇ ಆಯಿತು. ಎಕಾರ್ಟ್ ಕುಣಿದಾಡುತ್ತಾನೆ ಅಂದುಕೊಂಡಳು.

ಎಕಾರ್ಟ್ ಟ್ರ್ಯಾಕ್ಟರಿನಡಿ ಮಲಗಿದ್ದ. ಅಲ್ಲಿಂದಲೇ ಎಲ್ಲ ಕೇಳಿ, ಎದ್ದು ಬಂದು ಕೈ ಒರೆಸಿಕೊಂಡ.

“ರೋಸಿ, ಬಿಯರ್ ಮಗ್ಗಿನ ಮೇಲೆ ಎಂಟುನೂರು ಅಂತ ಅಚ್ಚಾಗಿ ಬಂದಿದೆ.”

“ಮಗ್ಗು ಯಾವಾಗಿಂದ ಚರಿತ್ರೆ ಆಯ್ತೋ?”

“ಕೇಳಿಲ್ಲಿ. ಕೆಳಗಿನ ಪಟ್ಟಣಕ್ಕೆ ನಮ್ಮನ್ನ ಸೇರಿಸಿದ ಮೇಲೆ ಶಾಲೆ ಹೋಯ್ತು, ಅಂಗಡಿ ಹೋಯ್ತು, ನಿನ್ನ ಪೋಸ್ಟಾಫೀಸೂ ಹೋಯ್ತು. ಈಗ ಸಂಜೆ ಬಸ್ಸೂ ನಿಲ್ಲಿಸ್ತೀವಿ ಅಂತಾರೆ. ಅವರೂರಿಗೆ ಏಳುನೂರೈವತ್ತು, ನಮಗೆ ಎಂಟುನೂರು. ನಮ್ಮ ಕೈಲಿರೋದು ಅದೊಂದೇ. ಅದನ್ನೂ ಕಿತ್ತುಕೊಳ್ತೀಯಾ?”

“ನಿಮ್ಮನೆ ಹೆಸರೇ ಇದೆ ಕಣೋ ಪಟ್ಟಿಯಲ್ಲಿ! ಹೆನ್ನೆ ಲ್ಯೋಬರ್!”

“ಎರಡು ಹಸು ತಾನೇ? ಅದನ್ನೇನು ಬ್ಯಾಂಡು ಬಾರಿಸಿ ಹೇಳ್ಲಾ?” ಎಂದವನು ಸ್ವಲ್ಪ ತಡೆದು ಅಂದ, “ನಿನಗೇನು ಬಿಡು. ನಿಮ್ಮಪ್ಪ ಮೊನ್ನೆ ಬಂದವನು. ಊರು ಎಷ್ಟು ಹಳೇದಾದ್ರೆ ನಿನಗೇನಾಗ್ಬೇಕು?”

ರೋಸ್ವಿಟಾ ಸರಕ್ಕನೆ ತಿರುಗಿ ನಡೆದಳು. ಮನೆಗೆ ಬಂದು, ಆಲೂಗಡ್ಡೆ ಸುಲಿಯಲು ಕೂತು, ಅರ್ಧಕ್ಕೇ ಬಿಟ್ಟೆದ್ದಳು. ಒಳ್ಳೆಯ ಉತ್ತರಗಳೆಲ್ಲ ಈಗ ಸಾಲುಗಟ್ಟಿ ಬಂದವು. ಮರುದಿನದಿಂದ ಮೊದಲ ಅಧ್ಯಾಯ ಬರೆಯತೊಡಗಿದಳು. ಕರಿಕಲ್ಲು, ಬತ್ತುವ ಹಳ್ಳ, ಏಳು ಒಲೆ, ದ್ರಾಕ್ಷಿಯ ಗೊಂದಲ, ಒಂದನ್ನೂ ಮುಚ್ಚಿಡಲಿಲ್ಲ. ಬರೆದು ಕೊಟ್ಟಳು. ಎಕಾರ್ಟ್ ತುಟಿಪಿಟಕ್ಕೆನ್ನದೆ ತೆಗೆದುಕೊಂಡ. ಅವಳು ಅಲ್ಲೇ ಎಡವಿದ್ದು. ಅವನು ಒಪ್ಪಿದ ಅಂದುಕೊಂಡಳು.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಪುಸ್ತಕ ಬಂತು. ಹೊದಿಕೆಯ ಮೇಲೆ ದಪ್ಪಕ್ಷರದಲ್ಲಿ ‘ಬರೆದವರು: ರೋಸ್ವಿಟಾ ಹಾವೆಲ್ಕಾ’. ಒಳಗೆ ತೆರೆದರೆ, ಮೊದಲ ಅಧ್ಯಾಯದ ಜಾಗದಲ್ಲಿ ಮೇಷ್ಟರ ನೋಟುಬುಕ್ಕಿನ ಪುಟಗಳು ಕೊಂಬು ದೀರ್ಘ ಬಿಡದೆ ಕೂತಿದ್ದವು.  ತನ್ನ ಹೆಸರಿನಲ್ಲೇ ಸುಳ್ಳು ಹೇಳಿಸಿದ್ದಾರೆ! ಫೋನು ಮಾಡಿದರೆ ಎಕಾರ್ಟ್ ಎತ್ತಲಿಲ್ಲ. ಅಂಗಳಕ್ಕೆ ಹೋದರೆ, ಅವನ ಹೆಂಡತಿ ಕಿಟಕಿಯಿಂದಲೇ “ಇಲ್ಲ ಕಣೇ, ಪೆಂಡಾಲು ಹಾಕ್ಸೋಕೆ ಹೋದ್ರು” ಅಂದಳು. ಒಳಗೆ ಅವನ ಕೆಮ್ಮು ಕೇಳಿಸುತ್ತಿತ್ತು.

ಭಾನುವಾರ ಹಬ್ಬ. ಅಗ್ನಿಶಾಮಕ ದಳದವರ ಬ್ಯಾಂಡು, ಊರವರೆಲ್ಲ ಸೇರಿ ಬಳಸುವ ಒಲೆಯಲ್ಲಿ ಬೆಂದ ಆಲೂಗಡ್ಡೆ ಕೇಕು, ಕೆಳಗಿನ ಪಟ್ಟಣದ ಮೇಯರ್. ಬಂದವರಿಗೆ ಊರು ಸುತ್ತಿಸಿ ತೋರಿಸುವ ಕೆಲಸ ಮೊದಲೇ ರೋಸ್ವಿಟಾಳ ಪಾಲಿಗಿತ್ತು, ಬದಲಿಸುವ ಧೈರ್ಯ ಎಕಾರ್ಟ್‌ಗೆ ಬಂದಿರಲಿಲ್ಲ. ಐವತ್ತು ಜನರನ್ನು ಕರೆದುಕೊಂಡು ಹೋಗಿ, ಒಣಗಿದ ಹಳ್ಳದೊಳಗೇ ಇಳಿದು ನಿಂತಳು.

“ಇಲ್ಲಿ ಗಿರಣಿ ಇತ್ತು ಅಂತ ದಾನಪತ್ರ ಹೇಳುತ್ತೆ. ನೀರು ಎಲ್ಲಿದೆ, ಯಾರಾದ್ರೂ ತೋರಿಸಿ.”

ಯಾರೋ ನಕ್ಕರು. ಅವಳು ನಿಲ್ಲಿಸಲಿಲ್ಲ. ದ್ರಾಕ್ಷಿ, ಸುಟ್ಟ ಊರು, 1532, ಎಲ್ಲ ಹೇಳಿದಳು. “ಪುಸ್ತಕದ ಮೊದಲ ಅಧ್ಯಾಯ ನಾನು ಬರೆದಿದ್ದಲ್ಲ” ಎಂದೂ ಹೇಳಿದಳು. ಎಕಾರ್ಟ್ ಕೆಂಪಗಾಗಿ ಮುಂದೆ ಬಂದ.

“ಚರಿತ್ರೆಕಾರರ ನಡುವೆ ಇಂಥ ಭಿನ್ನಾಭಿಪ್ರಾಯ ಇದ್ದದ್ದೇ” ಎಂದು ಮೇಯರನ ಕಡೆ ತಿರುಗಿ ನಕ್ಕ.

“ಯಾವ ಚರಿತ್ರೆಕಾರರೋ? ನಾನೊಬ್ಬಳು ಟಪಾಲಿನವಳು, ನೀನೊಬ್ಬ ಮೆಕ್ಯಾನಿಕ್ಕು!”

ಮೇಲುಗಡೆ ಮನೆಯ ಒಟ್ಟೀಲಿ ಎಂಬ ಅಜ್ಜಿ, ತೊಂಬತ್ತೊಂದರ ಮುದುಕಿ, ಗಾಲಿಕುರ್ಚಿಯಲ್ಲಿ ಕೂತಲ್ಲಿಂದಲೇ ಕೂಗಿದಳು: “ದ್ರಾಕ್ಷಿಯಂತೆ ದ್ರಾಕ್ಷಿ! ಇಲ್ಲಿ ಆಲೂಗಡ್ಡೇನೇ ಅತ್ಕೊಂಡು ಬೆಳೆಯುತ್ತೆ. ರೋಸಿ ಹೇಳೋದು ಸರಿ. ಆದ್ರೆ ಹಬ್ಬದ ದಿನಾನೇ ಹೇಳ್ಬೇಕಿತ್ತೇನೇ?”

ಹೋ ಎಂಬ ನಗೆಯೆದ್ದಿತು. ಬ್ಯಾಂಡಿನವರಿಗೆ ಎಕಾರ್ಟ್ ಸನ್ನೆ ಮಾಡಿದ. ಜನ ಬಿಯರಿನ ಕಡೆ ತಿರುಗಿದರು. ಹಳ್ಳದಲ್ಲಿ ಉಳಿದವಳು ರೋಸ್ವಿಟಾ ಒಬ್ಬಳೇ.

ಸೋಮವಾರ ಬೆಳಿಗ್ಗೆ ಅವಳು ಎಕಾರ್ಟ್‌ನ ಮನೆಗೆ ಹೋಗಿ, ಶಾಲೆಯ ಬೀಗದ ಕೈಯನ್ನು ಅವನ ಕೈಗೇ ಕೊಟ್ಟು, ಉಳಿದ ಪುಸ್ತಕಗಳ ಮೇಲಿಂದ ತನ್ನ ಹೆಸರು ತೆಗೆಸು ಅಂದಳು. ಅವನು ಅದನ್ನು ಮಾತ್ರ ಮಾಡಿದ. ಅವಳೆದುರಿಗೇ ಬಿಳಿ ಚೀಟಿ ಅಂಟಿಸಿ ಹೆಸರು ಮುಚ್ಚಿದ. ಬೆಳಕಿಗೆ ಹಿಡಿದರೆ ಕೆಳಗಿನ ಅಕ್ಷರ ಕಾಣುತ್ತಿತ್ತು.

“ಸಿಟ್ಟು ಬಿಡೇ” ಅಂದ. “2032ಕ್ಕೆ ಐನೂರು ತುಂಬುತ್ತಲ್ಲ, ಆಗ ನಿನ್ನ ಲೆಕ್ಕದ ಹಬ್ಬಾನೂ ಮಾಡೋಣ. ಅದನ್ನೂ ನೀನೇ ಬರಿ.”

“ಎರಡೂ ಮಾಡ್ತೀಯಾ? ನಿನಗೆ ನಾಚಿಕೆ ಆಗಲ್ವೇನೋ?”

“ಆಗುತ್ತೆ. ಆದ್ರೆ ಸಂಜೆ ಬಸ್ಸು ಉಳೀತು.”

ಅದು ನಿಜವಾಗಿತ್ತು. ಹಬ್ಬದ ಅಮಲಿನಲ್ಲಿ ಮೇಯರ್ ವೇದಿಕೆಯ ಮೇಲೆ ಮಾತು ಕೊಟ್ಟುಬಿಟ್ಟಿದ್ದ.  ಅದೇ ರೋಸ್ವಿಟಾಳನ್ನು ಎಲ್ಲಕ್ಕಿಂತ ಹೆಚ್ಚು ಉರಿಸಿತು. ಬಾಗಿಲನ್ನು ಧಡಾರನೆ ಎಳೆದುಕೊಂಡು ಹೊರಬಂದಳು.