ಎಡಪುಟಕ್ಕೆ ಬಾರದ ಒಂದು ಸಾಲು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕಾಲೇಜುಗಳಲ್ಲಿ ಮೂವತ್ತೈದು ವರ್ಷ ಭೌತಶಾಸ್ತ್ರ ಕಲಿಸಿ, ಈ ೨೦೦೯ರ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಪೂಜ್ಯ ವಿಜಯೇಂದ್ರ ಸರ್ ಅವರು ಹೊಸ ಸಿದ್ಧಾಂತವನ್ನೇನೂ ಕಂಡುಹಿಡಿದವರಲ್ಲ. ಕಂಡುಹಿಡಿದಿದ್ದೇವೆಂದು ಹೇಳಿಕೊಂಡು ಬಂದವರನ್ನು ಕುಳ್ಳಿರಿಸಿ, ಚಹಾ ಕೊಟ್ಟು, ಅಳೆದು ತೋರಿಸಿರೆಂದು ಕೇಳಿದವರು. ನಮ್ಮ ಸೀಮೆಯಲ್ಲಿ ವಿಜ್ಞಾನಕ್ಕೆ ಇದಕ್ಕಿಂತ ದೊಡ್ಡ ಸೇವೆ ನಡೆದಿಲ್ಲವೆಂದು ನಾನು ಹಟ ಹಿಡಿದು ಹೇಳಬಲ್ಲೆ.

೧೯೮೮ರಲ್ಲಿ ನಾನು ಅವರ ವಿದ್ಯಾರ್ಥಿಯಾದೆ. ಅವರ ನೋಟುಬುಕ್ಕಿನ ಪದ್ಧತಿ ಶಿಷ್ಯರಿಗೆಲ್ಲ ಗೊತ್ತು: ಎಡಪುಟದ ಮೇಲೆ ‘ಅಳೆದದ್ದು’, ಬಲಪುಟದ ಮೇಲೆ ‘ಕೇಳಿದ್ದು’. ಸ್ವತಃ ಖಾತ್ರಿ ಮಾಡಿಕೊಳ್ಳದ ಮಾತು, ಹೇಳಿದವರು ಎಷ್ಟೇ ದೊಡ್ಡವರಿರಲಿ, ಎಡಕ್ಕೆ ಹೋಗುತ್ತಿರಲಿಲ್ಲ. ನಮ್ಮೂರು ಮೇಡ್ಲೇರಿಯ ಬಸ್ಸು ತಡವಾದ ದಿನ ನನಗಾಗಿ ಪ್ರಯೋಗಾಲಯದ ಬಾಗಿಲು ತೆರೆದಿಟ್ಟು ಕಾಯುತ್ತಿದ್ದರು. ಪರೀಕ್ಷೆಯ ದಿನಗಳಲ್ಲಿ ಅವರ ಪತ್ನಿ ಪದ್ಮಾಬಾಯಿಯವರು ಬಡಿಸಿದ ಊಟವನ್ನು ಮರೆಯಲಾರೆ. ಮುಂದೆ ಅವರ ವಿಭಾಗದಲ್ಲೇ ನಾನೂ ಅಧ್ಯಾಪಕನಾದೆ.

೨೦೦೬ರಲ್ಲಿ ‘ಸ್ಕೇಲರ್ ಎನರ್ಜಿ’ ಪದಕಗಳು ನಮ್ಮ ಕಡೆ ಬಂದವು. ಕೊರಳಿಗೆ ಹಾಕಿಕೊಂಡರೆ ಸಕ್ಕರೆ ಕಾಯಿಲೆ, ಮಂಡಿನೋವು ಎಲ್ಲ ವಾಸಿಯಂತೆ. ಸ್ಕೇಲರ್‌ಗೆ ಕನ್ನಡದಲ್ಲಿ ‘ಅದಿಶ’ ಎನ್ನುತ್ತೇವೆ. ದಿಕ್ಕಿಲ್ಲದ್ದು, ಉಷ್ಣತೆಯ ಹಾಗೆ, ಅಷ್ಟೇ. ಪದಕ ಮಾರುವವರ ಅದಿಶ ತರಂಗವಾದರೋ ಯಾವ ಉಪಕರಣಕ್ಕೂ ಸಿಗದು. ಪರಿಚಯದ ವ್ಯಾಪಾರಿಯೊಬ್ಬರ ದಾಕ್ಷಿಣ್ಯಕ್ಕೆ ಬಿದ್ದು ಅದರ ಕರಪತ್ರ ಬರೆದುಕೊಟ್ಟವನು ನಾನು. ಬರೆದದ್ದು ‘ಅದಿಶ ಶಕ್ತಿ’. ಮುದ್ರಣಾಲಯದವರು ಮಾಸ್ತರರ ಕೈತಪ್ಪೆಂದು ಭಾವಿಸಿ, ಭಕ್ತಿಯಿಂದ ‘ಆದಿಶಕ್ತಿ’ ಎಂದು ತಿದ್ದಿದರು. ಕರಡು ನನ್ನ ಕೈಗೆ ಬಂದಿತ್ತು. ಓದಲು ಚೆನ್ನಾಗಿದೆಯೆಂದು ನಕ್ಕು ಹಾಗೇ ಬಿಟ್ಟೆ.

ಸರ್ ಅವರು ಆ ವ್ಯಾಪಾರಿಯನ್ನು ಪ್ರಯೋಗಾಲಯಕ್ಕೆ ಕರೆಸಿದರು. ಇಪ್ಪತ್ತು ಬಟ್ಟೆಯ ಗಂಟು. ಹತ್ತರಲ್ಲಿ ಪದಕ, ಹತ್ತರಲ್ಲಿ ಅಷ್ಟೇ ತೂಕದ ತಗಡು. ಗಂಟು ಹಿಡಿದವರ ತೋಳು ಒತ್ತಿ ನೋಡಿ ಶಕ್ತಿ ಗುರುತಿಸುತ್ತೇನೆಂದ ಆ ವ್ಯಾಪಾರಿ ಇಪ್ಪತ್ತರಲ್ಲಿ ಒಂಬತ್ತನ್ನು ಮಾತ್ರ ಸರಿಯಾಗಿ ಹೇಳಿದರು. “ಯಾವ ಸಲಕರಣಿಗೂ ಸಿಗೂದಿಲ್ಲ ಅಂದಮ್ಯಾಲೆ, ಅದು ಅದ ಅಂತ ನಿಮಗ ಹೆಂಗ ಗೊತ್ತಾತ್ರಿ?” ಎಂದು ಸರ್ ಮೆಲ್ಲಗೆ ಕೇಳಿದರು. ಗಂಟುಗಳನ್ನು ಹಿಡಿದು ಪಕ್ಕದಲ್ಲೇ ನಿಂತಿದ್ದ ನನಗೆ, ಕರಪತ್ರ ನನ್ನದೆಂದು ಹೇಳುವ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಆ ಕರಪತ್ರ ಮೇಡ್ಲೇರಿಯನ್ನೂ ಮುಟ್ಟಿತ್ತು. ನನ್ನ ತಾಯಿ ನೀಲಗಂಗವ್ವ ಪದಕ ತರಿಸಿ ಕಟ್ಟಿಕೊಂಡು, ಸಕ್ಕರೆ ಕಾಯಿಲೆಯ ಗುಳಿಗೆ ಬಿಟ್ಟಿದ್ದರು. ನನಗೆ ತಿಳಿದದ್ದು ಎಡಗಾಲಿನ ಗಾಯ ಕೊಳೆಯತೊಡಗಿದ ಮೇಲೆ. ಆಸ್ಪತ್ರೆಗೆ ನಡೆಯೆಂದು ಅಂಗಲಾಚಿದೆ. ಕರಪತ್ರ ಮುಂದೆ ಹಿಡಿದು, “ಇದನ್ನ ನೀನ ಬರದಿ ಅಂತ ಪದಕ ಮಾರಾಂವ ಹೇಳ್ಯಾನಲ್ಲೋ ತಮ್ಮಾ. ನನ್ನ ಮಗ ಸುಳ್ಳ ಬರೀತಾನೇನು?” ಎಂದರು.

ತಾಯಿ ಹಟ ಮಾಡುತ್ತಿದ್ದಾರೆಂದಷ್ಟೇ ಹೇಳಿ ಸರ್ ಅವರನ್ನು ಕರೆತಂದೆ. ಅವರು ಪದಕವನ್ನು ಮುಟ್ಟಲೂ ಇಲ್ಲ. “ಅವ್ವಾರ, ಆ ಆದಿಶಕ್ತಿ ತಾಯಿ ಮ್ಯಾಲೆ ನನಗ ಸಂಶಯ ಇಲ್ರಿ, ಈ ಬಿಲ್ಲಿ ಮ್ಯಾಲೆ ಅದ. ಕೊರಳಾಗ ಇರಲಿ ಬಿಡ್ರಿ. ಗುಳಿಗಿ ಮಾತ್ರ ಬಿಡಬ್ಯಾಡ್ರಿ,” ಎಂದರು. ನಾನು ಚಹಾ ತರಲು ಒಳಗೆ ಹೋದಾಗ ಅವರಿಬ್ಬರ ನಡುವೆ ಬೇರೇನೋ ಮಾತಾಯಿತು. ಮಾರನೆಯ ದಿನ ತಾಯಿ ಹಾವೇರಿಯ ಆಸ್ಪತ್ರೆಗೆ ಬಂದರು. ಎರಡು ಬೆರಳು ಹೋದವು, ಪಾದ ಉಳಿಯಿತು. ಎಂಟು ದಿನವೂ ಸಂಜೆ ಸರ್ ಬಂದು ಅವರ ಪಕ್ಕ ಕುಳಿತು ಹೋದರು.

ಕಳೆದ ತಿಂಗಳು ಅವರು ತಮ್ಮ ನೋಟುಬುಕ್ಕುಗಳನ್ನೆಲ್ಲ ವಿಭಾಗಕ್ಕೆ ಒಪ್ಪಿಸಿದರು. ಮೇಡ್ಲೇರಿಗೆ ಹೋದ ದಿನದ ಪುಟ ತೆರೆದೆ. ಎಡಕ್ಕೆ ಗಾಯದ ಉದ್ದಗಲ. ಬಲಕ್ಕೆ ಒಂದೇ ಸಾಲು: ‘ಕರಪತ್ರ ಬರೆದದ್ದು ಶಶಿಕಾಂತ, ತಾಯಿ ಹೇಳಿದರು.’ ನನ್ನನ್ನು ಒಂದು ಮಾತು ಕೇಳಿದ್ದರೆ ಖಾತ್ರಿಯಾಗುತ್ತಿತ್ತು. ಮೂರು ವರ್ಷ ದಿನಾಲೂ ಎದುರುಬದುರು ಕುಳಿತರೂ ಅವರು ಕೇಳಲಿಲ್ಲ. ಆ ಪುಟ ಮುಚ್ಚಿ ನಾನು ಅತ್ತೆ.

ಗುರುಗಳೇ, ಈ ಸೀಮೆಯಲ್ಲಿ ಅಳೆದು ನೋಡಬೇಕಾದ್ದು ಇನ್ನೂ ಬಹಳ ಉಳಿದಿದೆ. ಅದಕ್ಕೆ ಸಾಲುವಷ್ಟು ಆಯುಷ್ಯವೂ ಕಣ್ಣಿನ ಬೆಳಕೂ ತಮಗಿರಲಿ. ಕರಪತ್ರ ಬರೆದವನು ನಾನೇ, ತಪ್ಪು ಕಂಡೂ ಬಿಟ್ಟವನು ನಾನೇ. ಆ ಸಾಲನ್ನು ಇನ್ನು ಎಡಪುಟಕ್ಕೆ ಬರೆದುಕೊಳ್ಳಿರಿ.