ಕಾಕಾನ ಕಾಫಿ ಟಾಂಗಾ

ನಮ್ಮ ಓಣಿಯಲ್ಲಿ ಯಾರೋ ಕಾಫಿ ಬೀಜ ಹುರಿಯುತ್ತಿದ್ದಾರೆ. ಹುರಿತ ಸ್ವಲ್ಪ ಹೆಚ್ಚೇ ಆಗಿ, ವಾಸನೆ ಕಿಟಕಿ ದಾಟಿ ನಾನು ಕೂತಲ್ಲಿಗೆ ಬಂದಿದೆ. ಬೇರೆಯವರಾದರೆ ಮೂಗು ಅರಳಿಸಿ ಸುಖಪಡುತ್ತಿದ್ದರು. ನಾನು ಮೊದಲು ಅಡುಗೆಮನೆಗೆ ಹೋಗಿ ಒಲೆ ನೋಡಿದೆ, ಹಿತ್ತಲಿಗೆ ಹೋಗಿ ಮೇವಿನ ಬಣವೆಯನ್ನು ಮುಟ್ಟಿ ನೋಡಿದೆ, ಕೊನೆಗೆ ನನ್ನ ಅಂಗಿಯ ತೋಳನ್ನೂ ಮೂಸಿದೆ. ಏನೂ ಹೊತ್ತಿಕೊಂಡಿಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಅದು ಯಾವ ವಾಸನೆ ಎಂಬುದು ತಲೆಗೆ ಹೊಳೆಯಿತು. ನಲವತ್ತು ದಾಟಿದ ಮೇಲೆ ನನ್ನ ಸಂತೋಷಗಳೆಲ್ಲ ಹೀಗೆಯೇ. ತಪಾಸಣೆ ಮುಗಿಸಿಕೊಂಡೇ ಒಳಗೆ ಬರುತ್ತವೆ.

ಆ ವಾಸನೆ ನನ್ನನ್ನು ಬಸಲಿಂಗಪ್ಪ ಕಾಕಾನ ಹತ್ತಿರ ಒಯ್ಯಿತು. ಕಾಕಾ ನಮ್ಮ ತಂದೆಯ ತಮ್ಮ. ನಮ್ಮದು ಒಕ್ಕಲುತನದ ಮನೆ. ಎಲ್ಲರೂ ಎತ್ತಿನ ಬಾಲ ಹಿಡಿದು ಬೆಳೆದರೆ ಕಾಕಾ ಮಾತ್ರ ಕುದುರೆಗೆ ಮನಸ್ಸು ಕೊಟ್ಟ. ಗೋಕಾಕದಿಂದ ಮೂಡಲಗಿಗೆ, ಗೋಕಾಕದಿಂದ ಹುಕ್ಕೇರಿಗೆ ಟಾಂಗಾ ಹೊಡೆಯುತ್ತಿದ್ದ. ಕೆಂಪು ಬಣ್ಣದ ಹೆಣ್ಣು ಕುದುರೆ, ಹೆಸರು ಲಾಲಿ. ಲಾಲಿಗೆ ಹುರುಳಿ ಬೇಯಿಸಿ ಹಾಕಿದ ಮೇಲೆಯೇ ಕಾಕಾ ತಾನು ರೊಟ್ಟಿ ಮುರಿಯುವುದು. ಈ ಮರ್ಯಾದೆ ತನಗೆ ಎಂದೂ ಸಿಗಲಿಲ್ಲವೆಂದು ಅವನ ಹೆಂಡತಿ ಗಂಗವ್ವ ಕಾಕಿ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು.

ಕಾಫಿಯ ರುಚಿ ಕಾಕಾನಿಗೆ ಹತ್ತಿದ್ದು ಕಾಲುವೆಯ ಇಂಜಿನಿಯರರ ಮನೆಯಿಂದ. ಅವರು ಮೈಸೂರು ಕಡೆಯವರು. ಅವರನ್ನು ಕೆಲಸದ ಜಾಗಕ್ಕೆ ಒಯ್ಯಲು ಕಾಕಾ ದಿನಾ ಬೆಳಿಗ್ಗೆ ಬಂಗಲೆಯ ಮುಂದೆ ಟಾಂಗಾ ನಿಲ್ಲಿಸುತ್ತಿದ್ದ. ಇಂಜಿನಿಯರರ ತಾಯಿ ಅವನನ್ನು ಕಟ್ಟೆಯ ಮೇಲೆ ಕೂಡಿಸಿ, ಅವನದೇ ತಂಬಿಗೆಗೆ ಮೇಲಿನಿಂದ ಕಾಫಿ ಸುರಿಯುತ್ತಿದ್ದರು. ಲಿಂಗಪೂಜೆ, ವಿಭೂತಿ, ಆಮೇಲೆ ಇಂಜಿನಿಯರರ ತಾಯಿಯ ಕಾಫಿ ಎಂದು ಕಾಕಾನ ಬೆಳಗಿಗೆ ಒಂದು ಕ್ರಮವೇ ಆಗಿಹೋಯಿತು. ಅವರಿಗೆ ವರ್ಗವಾದಾಗ ಆ ತಾಯಿ ಬೀಜ ಹುರಿಯುವ ಬಾಣಲೆಯನ್ನೂ ಕೈಯಿಂದ ತಿರುಗಿಸುವ ಕಾಫಿ ಗಿರಣಿಯನ್ನೂ ಕಾಕಾನಿಗೇ ಕೊಟ್ಟುಹೋದರು. ಕಾಕಿ ಆ ಗಿರಣಿಯಲ್ಲಿ ಮೆಣಸಿನಕಾಯಿ ಬೀಸಿ ನೋಡಿದಳೆಂದೂ, ಆ ವಾರ ಕಾಕಾ ಕಾಫಿ ಕುಡಿದು ಕಣ್ಣೀರು ಹಾಕಿದನೆಂದೂ ಮನೆಯಲ್ಲಿ ಒಂದು ಕತೆ ಇದೆ. ನಾನು ಕಣ್ಣಾರೆ ಕಂಡಿಲ್ಲ.

ಅದೇ ಸುಮಾರಿಗೆ ಮೋಟಾರು ಬಂತು. ಹುಕ್ಕೇರಿಗೆ ಒಂದು, ಮೂಡಲಗಿಗೆ ಒಂದು. ಮೊದಮೊದಲು ಜನ ಹೆದರಿದರು. ಆಮೇಲೆ ಮೋಟಾರಿನಲ್ಲಿ ಹೋದವರು ಹೋಗದವರನ್ನು ಕನಿಕರದಿಂದ ನೋಡತೊಡಗಿದರು. ಟಾಂಗಾ ದಿನವಿಡೀ ಖಾಲಿ ನಿಲ್ಲತೊಡಗಿತು. ಮೇಲವಂಕಿಯ ಗೌಡರೊಬ್ಬರು ಲಾಲಿಯನ್ನು ಕೊಳ್ಳುತ್ತೇನೆಂದು ಎರಡು ಬಾರಿ ಹೇಳಿ ಕಳಿಸಿದರು. ಕಾಕಾ ಕೇಳಿಸದವನಂತೆ ಗಿರಣಿ ತಿರುಗಿಸುತ್ತ ಕೂತ. ತಿರುಗಿಸುತ್ತಲೇ ಅವನಿಗೆ ಆ ವಿಚಾರ ಬಂದಿರಬೇಕು: ಜನ ಟಾಂಗಾಕ್ಕೆ ಬರದಿದ್ದರೆ ಟಾಂಗಾದಲ್ಲಿ ಕಾಫಿ ಇಟ್ಟುಕೊಂಡು ಜನರ ಹತ್ತಿರವೇ ಹೋದರಾಯಿತು.

ಹಿಂದಿನ ಸೀಟು ಕಿತ್ತು ಆ ಜಾಗಕ್ಕೆ ತಗಡು ಬಡಿದ. ತಗಡಿನ ಮೇಲೆ ಇದ್ದಿಲಿನ ಶೆಗಡಿ, ಶೆಗಡಿಯ ಮೇಲೆ ತಪೇಲಿ. ಗಿರಣಿಯನ್ನು ಗಾಲಿಯ ಮೇಲಿನ ಹಲಗೆಗೆ ಸ್ಕ್ರೂ ಹಾಕಿ ಕೂಡಿಸಿದ. ಹೊಗೆ ಹೋಗಲೆಂದು ಮೇಲಿನ ಛತ್ತಿನಲ್ಲಿ ತೂತು ಕೊರೆದ. ಆ ವರ್ಷ ಪರೀಕ್ಷೆಯಲ್ಲಿ ನಾಪಾಸಾಗಿ ಮನೆಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಓಡಾಡುತ್ತಿದ್ದ ಇಪ್ಪತ್ತೆರಡರ ನನ್ನನ್ನು ಕರೆದು ಶೆಗಡಿಗೆ ಗಾಳಿ ಹಾಕುವ ಕೆಲಸ ಕೊಟ್ಟ. ನಾನು ಛತ್ತಿಗೆ ಬೆಂಕಿ ಹತ್ತಿದರೆ ಏನು ಮಾಡುವುದು ಎಂದು ಕೇಳಿದೆ. ಇಳಿಯುವುದು ಎಂದ.

ಕಾಕಿ ಇದನ್ನೆಲ್ಲ ನೋಡಿ ಒಂದು ಕರಾರು ಹಾಕಿದಳು. “ನೋಡ್ರಿ, ಮೂಡಲಗಿ ಸಂತಿ ಮಾಡ್ರಿ, ಹುಕ್ಕೇರಿ ಸಂತಿ ಮಾಡ್ರಿ. ಹುಕ್ಕೇರಿಯಿಂದ ಕಾಫಿ ಉಳದು ಮನಿಗಿ ಬಂತಂದ್ರ ಲಾಲಿ ಮೇಲವಂಕಿಗಿ ಹೋಗತಾಳ. ಆಮ್ಯಾಲ ಮಾರಿ ಸಣ್ಣದ ಮಾಡಬ್ಯಾಡ್ರಿ.” ಕಾಕಾ ಒಪ್ಪಿದ. ಒಪ್ಪಿದವನು ಕೊಟ್ಟಿಗೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಮೂಡಲಗಿ ಸಂತೆಯಲ್ಲಿ ಆದದ್ದನ್ನು ನಾನು ಯಾವ ಚಿಂತೆಯಲ್ಲೂ ಮುಂಗಂಡಿರಲಿಲ್ಲ. ಬೆಂಕಿಗೆ ಹೆದರಿದ್ದೆ, ಹಾಲು ಒಡೆಯುವುದಕ್ಕೆ ಹೆದರಿದ್ದೆ. ಹಾಲು ಒಡೆದದ್ದು ಖರೆ. ಹೊಸ ಬೆಲ್ಲವನ್ನು ಕುದಿಯುವ ಹಾಲಿಗೆ ಹಾಕಿ ಮೊದಲ ತಪೇಲಿಯನ್ನು ನಾನೇ ಕೆಡಿಸಿದೆ. ಆದರೆ ತೊಂದರೆ ಬೇರೆ ಕಡೆಯಿಂದ ಬಂತು. ನಮ್ಮ ಕಡೆಯ ಗಂಡಸು ಹತ್ತು ಮಾತಾಡದೆ ಏನನ್ನೂ ಕುಡಿಯಲಾರ, ಒಂದು ಕಾಲನ್ನು ಎಲ್ಲಿಯಾದರೂ ಎತ್ತಿ ಇಡದೆ ಮಾತಾಡಲಾರ. ಕಟ್ಟೆಯೋ, ಕಲ್ಲೋ, ಏನಾದರೂ ಬೇಕು. ಟಾಂಗಾಕ್ಕೆ ಹಿಂದೆ ಹತ್ತುವ ಮೆಟ್ಟಿಲಿತ್ತು. ಮೊದಲ ಗಿರಾಕಿ ಕಪ್ಪು-ಬಸಿ ಕೈಗೆ ತಗೊಂಡು ಮೆಟ್ಟಿಲ ಮೇಲೆ ಕಾಲಿಟ್ಟ. ಟಾಂಗಾ ಹಿಂದಕ್ಕೆ ಬಾಗಿತು. ಹಾಗೆ ಬಾಗಿದರೆ ಜನ ಹತ್ತಿದರು, ಇನ್ನು ಹೊರಡಬೇಕು ಎಂಬುದು ಲಾಲಿ ತನ್ನ ಜನ್ಮದಲ್ಲಿ ಕಲಿತ ಪಾಠ. ಹೊರಟಳು.

ಗಿರಾಕಿಯೂ ಹೊರಟ. ಕಪ್ಪು ನಮ್ಮದು, ತಿರುಗಿ ಕೊಡಬೇಕಲ್ಲವೇ! ಬಸಿಯಲ್ಲಿ ಕಾಫಿ ಹೊಯ್ದುಕೊಂಡು ಊದುತ್ತ, ಮೆಣಸಿನಕಾಯಿ ಪೇಟೆ ದಾಟಿ, ಕುಂಬಾರರ ಮಡಕೆಗಳನ್ನು ದಾಟಿ ನಮ್ಮ ಜತೆಗೆ ನಡೆದ. ಲಾಲಿ ತನ್ನ ಹಳೆಯ ನಿಲ್ದಾಣಕ್ಕೆ ಹೋಗಿ ನಿಂತಳು. ಅಲ್ಲಿ ಎರಡನೆಯವನು ಕಾಲಿಟ್ಟ. ಗಾಲಿಗೆ ಕಲ್ಲು ಕೊಟ್ಟೆವು. ಲಾಲಿ ಗಾಲಿಯನ್ನು ಕಲ್ಲಿನ ಮೇಲೆ ಹತ್ತಿಸಿ ಇಳಿಸಿದಳು, ಅರ್ಧ ತಪೇಲಿ ನನ್ನ ಧೋತರಕ್ಕೆ ಬಂತು. ಕುದುರೆ ಬಿಚ್ಚಿದರೆ ಟಾಂಗಾ ಮುಂದಕ್ಕೆ ಮುಗ್ಗರಿಸುತ್ತಿತ್ತು. ಮುಂದೆ ಚಾಚಿದ ಮೂಕಿಮರಗಳಿಗೆ ಕೆಳಗೆ ಆನಿಕೆ ಕೊಡೋಣವೆಂದರೆ ಕಾಕಾನಿಗೆ ಮನಸ್ಸಿಲ್ಲ. ಲಾಲಿ ಇಲ್ಲದೆಯೂ ವ್ಯಾಪಾರ ನಡೆಯುತ್ತದೆ ಎಂದು ಅವನು ತನ್ನ ಕೈಯಾರೆ ತೋರಿಸಿಕೊಡುವುದಾದರೂ ಹೇಗೆ? ಸಂತೆಯ ಜನ ಮಾತ್ರ ಕಾಫಿಗಿಂತ ಇದನ್ನೇ ನೋಡಿ ಖುಷಿಪಟ್ಟರು. ಕಾಫಿಯನ್ನು ಜ್ವರದ ಔಷಧಿಯೆಂದೇ ತಿಳಿದ ಒಬ್ಬ ಮುದುಕ ಕುಡಿದ ಮೇಲೆ, ಕಷಾಯ ಅಡ್ಡಿಯಿಲ್ಲ, ಆದರೆ ಇದರ ಹಿಂದೆ ಇಷ್ಟು ದೂರ ನಡೆದರೆ ಜ್ವರ ತಾನಾಗಿಯೇ ಬಿಡುತ್ತದೆ ಎಂದ.

ಹುಕ್ಕೇರಿಗೆ ಸಂತೆಯ ಮುನ್ನಾದಿನವೇ ಹೋಗಿ ಧರ್ಮಶಾಲೆಯಲ್ಲಿ ಮಲಗಿದೆವು. ಬೆಳಿಗ್ಗೆ ದೊಡ್ಡ ತಪೇಲಿ ತುಂಬ ಕಾಫಿ ಕಾಯಿಸಿದೆವು. ಈ ಸಲ ಬೆಲ್ಲ ಬೇರೆ, ಹಾಲು ಕೊನೆಗೆ. ಲಾಲಿ ತನ್ನ ವಾಡಿಕೆಯಂತೆ ಕಚೇರಿ ಮುಂದಿನ ಆಲದ ಮರಕ್ಕೆ ಹೋಗಿ ನಿಂತಳು. ಮೋಟಾರಿನವರೂ ಅಲ್ಲೇ ಜನ ಹತ್ತಿಸುತ್ತಿದ್ದರು. ಮೋಟಾರು ಬಂದು, ತುಂಬಿ, ಅರ್ಧ ಜನರನ್ನು ಬಿಟ್ಟು ಹೋಗಿತ್ತು. ಉಳಿದವರು ಅದು ತಿರುಗಿ ಬರಲೆಂದು ಮಧ್ಯಾಹ್ನದ ತನಕ ಕಾಯಬೇಕು. ಕಾಯುವವರಿಗಿಂತ ಒಳ್ಳೆಯ ಗಿರಾಕಿ ಯಾರಿದ್ದಾರೆ? ಸುತ್ತ ನೆರೆದರು, ತಮ್ಮ ತಮ್ಮ ತಂಬಿಗೆ ಮುಂದೆ ಹಿಡಿದರು. ಕಾಕಾ ಲಾಲಿಯ ಲಗಾಮು ಹಿಡಿದು ಎದುರಿಗೆ ನಿಂತು, ನನಗೆ ಹೊಯ್ಯಲು ಹೇಳಿದ. ಅವನ ಮುಖದಲ್ಲಿ ಅಂಥ ಬೆಳಕನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ.

ಎರಡು ತಂಬಿಗೆ ಹೊಯ್ದಿದ್ದೆನೋ ಇಲ್ಲವೋ, ಟಾಂಗಾ ಹಿಂದಕ್ಕೆ ಬಾಗಿತು. ನೋಡಿದರೆ ಒಬ್ಬ ಮುದುಕಿ ಗಂಟು ಸಮೇತ ಹತ್ತಿ ತಗಡಿನ ಅಂಚಿಗೆ ಕೂತಿದ್ದಾಳೆ. ಕೆಳಗೆ ಅವಳ ಮಗಳು, ತುಂಬು ಬಸುರಿ, ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಾಳೆ. ಘೋಡಗೇರಿಗೆ ತವರಿಗೆ ಹೊರಟವರು. ಮೋಟಾರಿನ ನೂಕಾಟದಲ್ಲಿ ಹತ್ತಲಾಗದೆ ಉಳಿದವರು.

“ಯವ್ವಾ, ಇದು ಮಂದಿ ಒಯ್ಯೂ ಟಾಂಗಾ ಅಲ್ಲ,” ಎಂದ ಕಾಕಾ.

“ಕುದುರಿ ಐತಿ, ಗಾಲಿ ಅದಾವು. ಹಂಗಾರ ಇದೇನಪಾ?” ಎಂದಳು ಮುದುಕಿ.

ಕಾಕಾ ಮುಂದೆ ಚಾಚಿದ ತಂಬಿಗೆಗಳನ್ನು ನೋಡಿದ, ತುಂಬಿದ ತಪೇಲಿ ನೋಡಿದ, ಲಾಲಿಯನ್ನು ನೋಡಿದ. ಕೆಳಗೆ ನಿಂತ ಹುಡುಗಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು. ಕಾಕಾ ನನಗೆ, ಬಿಸಿಲೇರುವ ಮೊದಲೇ ಆಕೆಯನ್ನು ಮುಟ್ಟಿಸಬೇಕು, ಶೆಗಡಿಯ ಕೆಂಡ ಕೆಳಗೆ ಸುರಿದು ನೀರು ಹಾಕು ಎಂದ. ಬಸುರಿಯ ಪಕ್ಕದಲ್ಲಿ ಬೆಂಕಿ ಬೇಡ. ತಪೇಲಿಗೆ ಅರಿವೆ ಬಿಗಿದು ನನ್ನ ತೊಡೆಯ ಮೇಲೆ ಕೂಡಿಸಿದ. ಘೋಡಗೇರಿಯ ತನಕ ಬಿಸಿ ತಪೇಲಿ ಅಪ್ಪಿಕೊಂಡು ಕೂತ ನನ್ನನ್ನು ನೋಡಿ ಆ ಹುಡುಗಿ ಒಂದೆರಡು ಸಲ ಸೆರಗು ಬಾಯಿಗೆ ಹಿಡಿದು ನಕ್ಕಳು. ಲಾಲಿ ಕೊರಕಲು ಬಂದಲ್ಲಿ ತಾನೇ ನಿಧಾನವಾಗುತ್ತಿದ್ದಳು.

ಅವರನ್ನು ಇಳಿಸಿ ಗೋಕಾಕದ ಹಾದಿ ಹಿಡಿದಾಗ ನಾನು ಅರಿವೆ ಸರಿಸಿ ಒಳಗೆ ನೋಡಿದೆ. ತಪೇಲಿ ಹೆಚ್ಚುಕಡಿಮೆ ತುಂಬಿಯೇ ಇತ್ತು. ದಾರಿಯಲ್ಲಿ ಒಂದು ಹಳ್ಳ ಬಂತು. ಇಲ್ಲಿ ಚೆಲ್ಲಿಬಿಡೋಣ ಕಾಕಾ, ಕಾಕಿಗೆ ಹೇಗೆ ಗೊತ್ತಾಗಬೇಕು ಎಂದೆ.

“ಚೆಲ್ಲಿದ್ರ ಖಾಲಿ ಆಗತೈತಿ, ತಮ್ಮಾ. ಕುಡದಂಗ ಆಗೂದಿಲ್ಲ,” ಎಂದ ಕಾಕಾ. ಹಳ್ಳ ಹಿಂದೆ ಬಿತ್ತು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಕಾಕಾ ತಪೇಲಿಯನ್ನು ಕಾಕಿಯ ಮುಂದೆ ಇಟ್ಟು, ಲಾಲಿಯನ್ನು ಬಿಚ್ಚಲು ಹೋದ. ಕಾಕಿ ಅರಿವೆ ಬಿಚ್ಚಿ ಒಳಗೆ ನೋಡಿದಳು. ಆದದ್ದನ್ನೆಲ್ಲ ನಾನೇ ಹೇಳಬೇಕಾಯಿತು. ಹೇಳಿದೆ, ನನ್ನ ಸ್ವಭಾವದಂತೆ ಹಿಂದುಮುಂದಾಗಿ. ಅವಳು ಕೇಳಿದ್ದು ಒಂದೇ: “ಹುಡುಗಿ ಸುಖರೂಪ ಇಳದಳೇನ?” ಹೂಂ ಎಂದೆ.

ಕಾಕಿ ತಪೇಲಿಯನ್ನು ಒಲೆಯ ಮೇಲೆ ಏರಿಸಿದಳು. ಕಾಫಿ ಬಿಸಿಯಾದ ಮೇಲೆ, ಅದುವರೆಗೆ ಹನಿ ಮುಟ್ಟದಿದ್ದ ಅವಳು ಬಟ್ಟಲು ತುಂಬಿಸಿಕೊಂಡು, ಕಣ್ಣು ಕಿರಿದು ಮಾಡಿ, ನಿಲ್ಲಿಸದೆ ಕುಡಿದಳು. ಮುಖ ಕಿವುಚಿಕೊಂಡಳು. ಬಾಗಿಲಿಗೆ ಹೋಗಿ ಓಣಿಯ ಹೆಂಗಸರನ್ನೆಲ್ಲ ಬಟ್ಟಲು ತಗೊಂಡು ಬರ್ರಿ ಎಂದು ಕೂಗಿದಳು. ಯಾರಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಕೇಳಿಕೊಂಡೇ ಅವರೆಲ್ಲ ಬಂದರು. ಬಂದವರನ್ನು ಆಕೆ ಕುಡಿಯದೆ ಬಿಡಲಿಲ್ಲ. ತಪೇಲಿ ಖಾಲಿಯಾಗಿ ಬೋರಲಾಯಿತು.

ಕಾಕಾ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಕಾಫಿ ಮನೆಗೆ ಬಂದದ್ದಂತೂ ಬಂತಲ್ಲ, ಕರಾರು ಕರಾರೇ, ನಾಳೆ ಮೇಲವಂಕಿಗೆ ಹೇಳಿ ಕಳಿಸುತ್ತೇನೆ ಎಂದ, ಎಲ್ಲಿಯೋ ನೋಡುತ್ತ.

“ಕರಾರ ಹಾಕಿದಾಕಿ ನಾ,” ಎಂದಳು ಕಾಕಿ, ತಪೇಲಿ ತಿಕ್ಕುತ್ತ. “ಅದನ್ನ ತಗಿಯಾಕಿನೂ ನಾನ. ನಿಮಗ್ಯಾಕ ಬೇಕು? ಹುರಳಿ ಬೆಂದೈತಿ, ಒಯ್ಯಿರಿ.”

ಆಮೇಲೆ ಕಾಕಾ ಹಿಂದಿನ ಸೀಟಿನಲ್ಲಿ ಅರ್ಧವನ್ನು ಮತ್ತೆ ಕೂಡಿಸಿದ. ಮೋಟಾರು ಹೋಗದ ಹಳ್ಳಿಗಳಿಗೆ ಬಸುರಿಯರು, ಬಾಣಂತಿಯರು, ಮುದುಕರು ಕಾಕಾನ ಟಾಂಗಾದಲ್ಲಿ ಹೋದರು. ಇಳಿದ ಮೇಲೆ ಮುಚ್ಚಿದ ತಪೇಲಿಯಿಂದ ಒಂದೊಂದು ಬಟ್ಟಲು ಕಾಫಿ. ಸಿರಿವಂತನೇನೂ ಆಗಲಿಲ್ಲ. ಯುದ್ಧ ಬಂದು ಪೆಟ್ರೋಲು ಸಿಗದೆ ಮೋಟಾರುಗಳು ನಿಂತಾಗ ಟಾಂಗಾಗಳಿಗೆ ಮತ್ತೆ ಮಾನ ಬಂತು. ಅಷ್ಟೊತ್ತಿಗೆ ಲಾಲಿಗೆ ವಯಸ್ಸಾಗಿತ್ತು. ನಮ್ಮ ಕೊಟ್ಟಿಗೆಯಲ್ಲೇ ಕಣ್ಣು ಮುಚ್ಚಿದಳು.

ಕರಾರು ಹಾಕುವುದು ಈಗ ನನ್ನ ಪಾಲಿಗೆ ಬಂದಿದೆ. ಮಗಳು ಸೈಕಲ್ಲು ಕಲಿಯುತ್ತೇನೆಂದು ಹಠ ಹಿಡಿದಾಗ, ಒಂದು ಸಲ ಬಿದ್ದರೂ ಮತ್ತೆ ಸೈಕಲ್ಲು ಮುಟ್ಟಬಾರದು ಎಂದು ಹೇಳಿದ್ದೆ. ಈ ಸಂಜೆ ಅವಳು ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಬಚ್ಚಲಲ್ಲಿ ನೀರಿನ ಸಪ್ಪಳ, ನಡುನಡುವೆ ಹಲ್ಲು ಕಚ್ಚಿ ಉಸಿರೆಳೆಯುವುದು ಇಲ್ಲಿಗೆ ಕೇಳಿಸುತ್ತಿದೆ. ಇನ್ನು ಸ್ವಲ್ಪ ಹೊತ್ತಿಗೆ ಲಂಗವನ್ನು ಮೊಣಕಾಲ ಕೆಳಗೆ ಎಳೆದುಕೊಂಡು, ಕುಂಟುವುದು ಕಾಣದಂತೆ ನಡೆದು ನನ್ನೆದುರು ಹಾಯುತ್ತಾಳೆ. ಅಷ್ಟು ಕಷ್ಟ ಅವಳಿಗೇಕೆ? ಅರಿಷಿಣ ಎಲ್ಲಿದೆಯೋ ಹುಡುಕಬೇಕು. ಸೈಕಲ್ಲಿನ ಹ್ಯಾಂಡಲ್ಲು ಡೊಂಕಾಗಿದೆಯೋ ಏನೋ, ಅದನ್ನೂ ನೋಡಬೇಕು. ನಾಳೆ ಬೆಳಿಗ್ಗೆ ಅವಳಿಗೆ ಬೇಕಾಗುತ್ತದೆ.