ಹನುಮಕ್ಕನ ಹಬ್ಬ

ಮೊನ್ನೆ ಆಳಂದದ ಬಜಾರಿನಲ್ಲಿ ಗಾಣದ ಕುಸುಬಿ ಎಣ್ಣೆ ಕೊಂಡೆ. ಮನೆಗೆ ಬಂದು ಡಬ್ಬಿಗೆ ಸುರಿಯುವಾಗ ಕೈಮೇಲೆ ಒಂದಿಷ್ಟು ಚೆಲ್ಲಿತು. ಆ ಹಸಿಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಅತನೂರಿನ ಮನೆಯ ಬೀದಿಕಡೆಯ ಕಿಟಕಿ, ಅದರಲ್ಲಿ ಸಾಲಾಗಿ ಹಚ್ಚಿಟ್ಟ ಪಣತಿಗಳು, ಪಕ್ಕದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತ ನರ್ಸಬಾಯಿ... ಡಬ್ಬಿಯ ಮುಚ್ಚಳ ಎಲ್ಲಿಟ್ಟೆ ಎಂಬುದೇ ಮರೆತುಹೋಯಿತು.

ಆಗ ನಾನು ಅಂದೋಲಾದಿಂದ ಮದುವೆಯಾಗಿ ಅತನೂರಿಗೆ ಬಂದು ವರ್ಷವೂ ತುಂಬಿರಲಿಲ್ಲ. ಗಂಡನಿಗೆ ಭೂಸನೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಚಳಿಗಾಲ ಬಂತೆಂದರೆ ಕಬ್ಬು ನುರಿಸುವ ಹಂಗಾಮು, ಅವರು ಅಲ್ಲೇ ಉಳಿಯುತ್ತಿದ್ದರು. ಮನೆಯಲ್ಲಿ ನಾನು ಮತ್ತು ಅತ್ತೆ, ಇಬ್ಬರೇ. ಅತ್ತೆ ಕೆಟ್ಟವರೇನಲ್ಲ, ಆದರೆ ಕಾಯಕದ ಹೆಸರಿನಲ್ಲಿ ನನ್ನ ಜೀವ ಹಿಂಡುತ್ತಿದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದರೆ ಮಲಗುವವರೆಗೂ ತಾವೂ ಕೂರುತ್ತಿರಲಿಲ್ಲ, ನನ್ನನ್ನೂ ಕೂರಗೊಡುತ್ತಿರಲಿಲ್ಲ. ನಾನು ಗೋಡೆಗೆ ಬೆನ್ನು ಹಚ್ಚಿದ್ದು ಕಂಡರೆ ಸಾಕು, "ಕೈ ಖಾಲಿ ಅದಾವೇನು?" ಎನ್ನುತ್ತಿದ್ದರು. ಮರುಕ್ಷಣ ಒಂದು ಮೊರ ಜೋಳ ನನ್ನ ಮುಂದೆ ಬಂದು ಕೂರುತ್ತಿತ್ತು. ಮೊರಕ್ಕೆ ಆ ಮನೆಯಲ್ಲಿ ಕೂರುವ ಹಕ್ಕಿತ್ತು, ನನಗಿರಲಿಲ್ಲ.

ಕೆಲಸದ ಮಾತು ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೆ ಮಾತೇ ಇರಲಿಲ್ಲ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ಹಬ್ಬ, ಮುಗಿದ ಮರುದಿನ ತವರಿಗೆ ಹೋಗುವುದು, ಹೋದರೆ ತಿರುಗಿ ಬರುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ಸೀರೆಗಳನ್ನು ಮಡಚಿ ಟ್ರಂಕಿನಲ್ಲಿ ಇಟ್ಟಾಗಿತ್ತು. ಇದು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

ನಮ್ಮ ಬೀದಿಕಡೆಯ ಕೋಣೆಯಲ್ಲಿ ಬಾಡಿಗೆಗಿದ್ದವರೇ ನರ್ಸಬಾಯಿ. ಊರ ಸರಕಾರಿ ದವಾಖಾನೆಯ ನರ್ಸು, ಐವತ್ತರ ಆಸುಪಾಸಿನ ಒಂಟಿ ಹೆಂಗಸು. ಹುಟ್ಟಿದ್ದು ಮಹಾರಾಷ್ಟ್ರದ ಸಮುದ್ರದ ದಂಡೆಯಲ್ಲಿ, ಧರ್ಮದಿಂದ ಯಹೂದಿ. ಊರಿಗೆ ಆ ಹೆಸರೇ ಹೊಸದು. ಕೋಣೆ ಕೇಳಿಕೊಂಡು ಬಂದ ದಿನ ಅತ್ತೆ ಸರಿಯಾಗಿಯೇ ವಿಚಾರಣೆ ನಡೆಸಿದ್ದರಂತೆ.

"ನಿಮ್ಮ ದೇವರ ಮೂರ್ತಿ ಎಲ್ಲಿ ಇಡ್ತೀರಿ?"

"ನಮ್ಮಲ್ಲಿ ಮೂರ್ತಿ ಇಲ್ರಿ."

"ಹಿರ್ಯಾರು ಏನು ಮಾಡ್ತಿದ್ರು?"

"ಗಾಣ ಹೊಡೀತಿದ್ರು. ಶನಿವಾರ ಮಾತ್ರ ಎತ್ತು ಕಟ್ತಿರಲಿಲ್ಲ. ಅದಕ್ಕ ನಮಗ ಶನಿವಾರ ತೇಲಿ ಅಂತಾರ."

ತೇಲಿ ಎಂದರೆ ಮರಾಠಿಯಲ್ಲಿ ಗಾಣಿಗ. ನಮ್ಮ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮೂರ್ತಿ ಇಲ್ಲ, ಎತ್ತಿಗೆ ವಾರದ ರಜೆಯೂ ಉಂಟು, ದಿನ ಮಾತ್ರ ಆಚೀಚೆ ಆಗಿದೆ ಅಷ್ಟೇ ಎಂದು ತೀರ್ಮಾನಿಸಿ ಅತ್ತೆ ಕೋಣೆಯ ಕೀಲಿ ಕೊಟ್ಟುಬಿಟ್ಟರು.

ಆ ಚಳಿಗಾಲದಲ್ಲಿ ಅಮಾವಾಸ್ಯೆ ಹತ್ತಿರವಾಗುತ್ತಿದ್ದಾಗ ಒಂದು ಸಂಜೆ ನರ್ಸಬಾಯಿ ಕಿಟಕಿಯಲ್ಲಿ ಒಂದು ಪಣತಿ ಹಚ್ಚಿದರು. ಪಕ್ಕದಲ್ಲಿ, ಬೋರಲು ಹಾಕಿದ ಪಾವಿನ ಮೇಲೆ, ಇನ್ನೊಂದು. ಮರುದಿನ ಕೆಳಗಿನ ಸಾಲಿಗೆ ಮತ್ತೊಂದು ಸೇರಿತು. ದೀಪಾವಳಿ ಮುಗಿದು ಎಷ್ಟೋ ದಿನವಾಗಿತ್ತು. ಪಾಪ, ದವಾಖಾನೆಯ ಕೆಲಸದಲ್ಲಿ ಹಬ್ಬ ತಡವಾಗಿರಬೇಕೆಂದು ಓಣಿಯವರು ಮರುಗಿದರು. ಅತ್ತೆ ನೇರವಾಗಿ ಕೇಳಿದರು. ನರ್ಸಬಾಯಿ "ಹನುಕ್ಕಾ" ಎಂದರು. ಅತ್ತೆಯ ಕಿವಿಗೆ ಅದು ಹನುಮಕ್ಕ ಎಂದು ಬಿತ್ತು.

ಅಲ್ಲಿಗೆ ಮುಗಿಯಿತು. ಕತ್ತಲಾಗುವಷ್ಟರಲ್ಲಿ ಓಣಿಯ ತುಂಬ ಹನುಮಕ್ಕನ ಹಬ್ಬದ ಸುದ್ದಿ. ಯಾವ ಊರ ಹನುಮಕ್ಕ, ಹರಕೆ ಏನು, ಬಂಜೆಯರಿಗೆ ಒಲಿಯುತ್ತಾಳೋ ಹೇಗೆ ಎಂದು ಕೇಳಿಕೊಂಡು ಹೆಂಗಸರು ಬಂದರು. ಒಬ್ಬಾಕೆ ಹನುಮಕ್ಕನಿಗೆ ಉಡಿ ತುಂಬಲು ಕಣದ ಬಟ್ಟೆ, ತೆಂಗಿನಕಾಯಿ ಹಿಡಿದೇ ಬಂದಿದ್ದಳು. ನರ್ಸಬಾಯಿ ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಆಮೇಲೆ ಬಟ್ಟೆ ತಿರುಗಿ ಕೊಟ್ಟು, ಕಾಯಿ ಮಾತ್ರ ಇಟ್ಟುಕೊಂಡು, ಎಲ್ಲರಿಗೂ ಬಿಸಿ ಭಜಿ ಕರಿದು ಹಂಚಿದರು. ಎಣ್ಣೆಯ ಹಬ್ಬವಾದ್ದರಿಂದ ಕರಿದದ್ದನ್ನೇ ತಿನ್ನಬೇಕಂತೆ. ಅಂಥ ಹಬ್ಬವನ್ನು ಯಾವ ಊರು ಬೇಡ ಎಂದೀತು?

ಮರುದಿನ ಸಂಜೆ ಕರೆಂಟು ಹೋಯಿತು. ಅತ್ತೆ ಮೊರ ಹಿಡಿದು, ನನ್ನನ್ನೂ ಕರೆದುಕೊಂಡು ಕಿಟಕಿಯ ಹತ್ತಿರ ಬಂದರು. ನರ್ಸಬಾಯಿ ಮೊರವನ್ನು ಮೆಲ್ಲಗೆ ಕೈಯಿಂದ ತೆಗೆದುಕೊಂಡರು.

"ಈ ಬೆಳಕಿನಾಗ ಕೆಲಸ ಮಾಡಂಗಿಲ್ರಿ."

"ಮತ್ತ ಬೆಳಕು ಯಾಕ?"

"ನೋಡಾಕ."

ಅತ್ತೆ ಪಣತಿಗಳನ್ನೊಮ್ಮೆ, ನರ್ಸಬಾಯಿಯ ಕೈಯಲ್ಲಿದ್ದ ಮೊರವನ್ನೊಮ್ಮೆ ನೋಡಿದರು. ಬೆಳಕು ಇರುವುದೇ ಕೆಲಸಕ್ಕೆ ಎಂದು ನಂಬಿದ ಮನೆ ನಮ್ಮದು.

ನರ್ಸಬಾಯಿ ನಮ್ಮನ್ನು ಕೂರಿಸಿಕೊಂಡು ಕಥೆ ಹೇಳಿದರು. ಬಹಳ ಹಿಂದೆ ಒಬ್ಬ ರಾಜ ಅವರ ಗುಡಿಯನ್ನು ಕಸಿದುಕೊಂಡು, ಅವರು ತಮ್ಮ ದೇವರನ್ನು ನೆನೆಯಲೂಬಾರದೆಂದನಂತೆ. ಬೆರಳೆಣಿಕೆಯ ಜನ ಹೋರಾಡಿ ಗುಡಿ ಮರಳಿ ಪಡೆದರು. ಒಳಗೆ ಹೋಗಿ ನೋಡಿದರೆ ಮೈಲಿಗೆಯಾಗದ ಎಣ್ಣೆ ಒಂದೇ ಕುಡಿಕೆ, ಒಂದು ದಿನಕ್ಕೆ ಸಾಕಾಗುವಷ್ಟು. ಅದೇ ಎಣ್ಣೆ, ಹೊಸ ಎಣ್ಣೆ ತೆಗೆಯುವವರೆಗೆ, ಎಂಟು ದಿನ ಉರಿಯಿತು. ಅದರ ನೆನಪಿಗೆ ಹಚ್ಚುವ ದೀಪದಲ್ಲಿ ಜೋಳ ಹಸನು ಮಾಡಿದರೆ ಅದು ಮತ್ತೆ ಬರೀ ಎಣ್ಣೆಯಾಗುತ್ತದೆ ಎಂದರು. ಪಾವಿನ ಮೇಲಿದ್ದದ್ದು ಸೇವೆಯ ದೀಪ. ಉಳಿದವುಗಳನ್ನು ಹಚ್ಚುವುದೂ, ಬೇಕಾದರೆ ನಮಗೆ ದಾರಿ ತೋರುವುದೂ ಅದರ ಕೆಲಸ.

"ಅದು ದಾಸೋಹದ ದೀಪ ಅನ್ರಿ," ಎಂದರು ಅತ್ತೆ. "ಸೇವಾ ಮಾಡೂದನ್ನ ಎತ್ತರಕ್ಕ ಕೂಡ್ಸೀರಿ. ಚೊಲೋ ಆತು."

ಹಾಗಾದರೆ ನನ್ನನ್ನೂ ಒಂದು ಪಾವಿನ ಮೇಲೆ ಕೂರಿಸಿ ಎಂದು ಹೇಳಬೇಕೆನಿಸಿತು.

ನರ್ಸಬಾಯಿ ನನ್ನ ಕಡೆ ಒಮ್ಮೆ ನೋಡಿ ಮಾತು ಮುಂದುವರಿಸಿದರು. "ಇನ್ನೊಂದು ಪದ್ಧತಿ ಅದರಿ. ದೀಪ ಉರಿಯೂತನ ಹೆಂಗಸರು ಕೆಲಸ ಮುಟ್ಟಬಾರದು. ಯಾವ ಮನಿಯಾಗ ಉರಿತಾವೋ ಆ ಮನಿ ಹೆಂಗಸರು ಎಲ್ಲಾರೂ." ಮೊದಲಿನ ಮಾತು ಅವರ ಹಿರಿಯರದ್ದು. ಕೊನೆಯದು ಅವರೇ ನನಗಾಗಿ ಸೇರಿಸಿದ್ದೆಂದು ನನ್ನ ಗುಮಾನಿ, ಇವತ್ತಿಗೂ. ಸಂಜೆಯ ಹೊತ್ತು ಅವರ ಕೋಣೆಗೆ ನೀರು ಕೊಡಲು ಹೋದಾಗ ನನ್ನ ಮುಖ ನೋಡಿಯೇ ಟ್ರಂಕಿನ ವಿಷಯ ಊಹಿಸಿದ್ದರೋ ಏನೋ...

ದೇವರ ಕೆಲಸವೆಂದ ಮೇಲೆ ಅತ್ತೆ ನಿಯಮ ಮೀರುವವರಲ್ಲ. ದಿನವೂ ಸಂಜೆ ನಾವು ಮೂವರೂ ಕೈ ಖಾಲಿ ಮಾಡಿಕೊಂಡು ಕಿಟಕಿಯ ಮುಂದೆ ಕೂರತೊಡಗಿದೆವು. ಮೊದಲು ಅತ್ತೆಯ ಬೆರಳುಗಳು ಸೆರಗನ್ನೇ ಹಸನು ಮಾಡುತ್ತಿದ್ದವು. ಕೆಲಸವಿಲ್ಲದಾಗ ಮಾತಾದರೂ ಬೇಕಲ್ಲ. ಆಕಾಶದಲ್ಲಿ ಚಂದ್ರ ಕರಗುತ್ತಿರುವಾಗ ಕಿಟಕಿಯಲ್ಲಿ ದೀಪ ಹೆಚ್ಚುತ್ತ ಹೋಗುವುದು ಅವರಿಗೆ ಹಿಡಿಸಿತು. ಎಂಟರಿಂದ ಇಳಿಸುತ್ತ ಬರಬೇಕೋ, ಒಂದರಿಂದ ಏರಿಸುತ್ತ ಹೋಗಬೇಕೋ ಎಂದು ಹಿಂದೆ ನರ್ಸಬಾಯಿಯ ಧರ್ಮದ ಪಂಡಿತರು ಜಗಳಾಡಿದ್ದರಂತೆ. ಪವಿತ್ರವಾದದ್ದರಲ್ಲಿ ಏರಬೇಕೇ ಹೊರತು ಇಳಿಯಬಾರದೆಂದು ಕೊನೆಗೆ ತೀರ್ಮಾನವಾಯಿತಂತೆ. "ಹೆಂಗ ಹಚ್ಚಿದ್ರೂ ಎಣ್ಣಿ ಅಷ್ಟೇ ಹಿಡೀತದ, ಜಗಳ ಯಾಕ?" ಎಂದರು ಅತ್ತೆ.

ಆಮೇಲೆ ಅವರೇ ಒಂದು ದಿನ ಒಂದು ಎಳೆ ಹಿಡಿದು ಎಳೆದರು. "ಬಾಯಿ, ಒಂದು ದಿನದ ಎಣ್ಣಿ ಹೆಂಗೂ ಇತ್ತಲ್ಲ. ಹಂಗಾರ ಪವಾಡ ಏಳು ದಿನದ್ದು. ನೀವು ಎಂಟು ದಿನ ಯಾಕ ಹಚ್ಚತೀರಿ?"

ನರ್ಸಬಾಯಿ ತೊಡೆ ತಟ್ಟಿ ನಕ್ಕರು. ಅವರ ಪಂಡಿತರು ತಲೆಮಾರುಗಳಿಂದ ಇದನ್ನೇ ಕೇಳುತ್ತ ಬಂದಿದ್ದಾರಂತೆ, ಉತ್ತರಗಳೂ ಬೇಕಾದಷ್ಟಿವೆಯಂತೆ. "ನಮ್ಮ ಅಪ್ಪ ಹೇಳಿದ್ದು ಹೇಳ್ತೇನಿ. ಸಾಲೂದಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೂ ಹಚ್ಚಿದ್ರಲ್ಲ, ಮೊದಲ್ನೇ ದಿನದ ಪವಾಡ ಅದೇ."

ಅತ್ತೆ ಹೂಂಗುಟ್ಟಿದರು. ನನಗೆ ಮಾತ್ರ ನನ್ನ ಟ್ರಂಕು ನೆನಪಾಯಿತು. ಈ ಮನೆಯಲ್ಲಿ ನನಗೆ ಸಿಕ್ಕ ಪ್ರೀತಿ ಬಾಳುವಷ್ಟಿಲ್ಲ ಎಂದು ಲೆಕ್ಕ ಹಾಕಿಕೊಂಡು, ಅದನ್ನು ಹಚ್ಚಿ ನೋಡುವ ಮೊದಲೇ ಹೊರಟವಳು ನಾನು.

ಪಣತಿಗಳಿಗೆ ಎಣ್ಣೆ ತುಂಬುವ ಕೆಲಸ ನನ್ನದಾಗಿತ್ತು. ಸುಳ್ಳೇಕೆ ಹೇಳಲಿ, ಅಂಚಿನವರೆಗೂ ತುಂಬುತ್ತಿದ್ದೆ. ದೀಪ ಉರಿದಷ್ಟು ಹೊತ್ತು ಕೂರಬಹುದಲ್ಲ. ಆದರೆ ನಾನು ತುಂಬಿದ್ದಕ್ಕಿಂತ ಹೆಚ್ಚು ಹೊತ್ತು ಅವು ಉರಿಯತೊಡಗಿದಾಗ ನನಗೇ ದಿಗಿಲಾಯಿತು. ಹನುಮಕ್ಕ ನಿಜವಾಗಿಯೂ ಇದ್ದಾಳೆಯೇ ಎಂದು ಅನುಮಾನ ಬಂತು.

ಕೊನೆಯ ಸಂಜೆ ಎಂಟೂ ಉರಿಯುತ್ತಿದ್ದವು. ನರ್ಸಬಾಯಿ ಭಜಿ ತರಲು ಒಳಗೆ ಹೋಗಿದ್ದರು. ನಾನು ನೀರು ಕುಡಿದು ಬಂದು ನೋಡುತ್ತೇನೆ, ಅತ್ತೆ ಎಣ್ಣೆಯ ಗಿಂಡಿ ಹಿಡಿದು ಬಗ್ಗಿ ನಿಂತಿದ್ದಾರೆ! ನನ್ನನ್ನು ಕಂಡದ್ದೇ ತಡ, ಗಿಂಡಿ ಸೆರಗಿನೊಳಗೆ ಹೋಯಿತು.

"ಎಣ್ಣಿ ಕಡಿಮಿ ಬಿದ್ದಂಗ ಕಾಣ್ತು," ಎಂದರು.

"ನಾ ತುಂಬೇ ಹಾಕಿದ್ನೆಲ್ರಿ ಅತ್ತಿ."

"ನೀ ದಿನಾ ತುಂಬೇ ಹಾಕ್ತಿ. ನಾ ನೋಡೀನಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಮೊದಲು ನಕ್ಕವರು ಅತ್ತೆ. ಆಮೇಲೆ ಗಿಂಡಿ ಕೆಳಗಿಟ್ಟು ನನ್ನ ಪಕ್ಕದಲ್ಲೇ ಕುಳಿತರು. "ಈ ಮನಿಗೆ ಬಂದಾಗಿಂದ ನನಗ ಯಾರೂ ಕುಂದ್ರು ಅಂದಿಲ್ಲ ಬೇ," ಎಂದರು. ಗಿಂಡಿಯನ್ನು ಇನ್ನಷ್ಟು ದೂರ ಸರಿಸಿ, "ಕುಂದ್ರು ಅನ್ನೂದು ನನಗೂ ಬರ್ಲಿಲ್ಲ," ಎಂದರು.

ಬಾಗಿಲಲ್ಲಿ ಭಜಿಯ ತಟ್ಟೆ ಹಿಡಿದ ನರ್ಸಬಾಯಿ ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದರು. ಒಳಗೆ ಬಂದು ತಟ್ಟೆಯನ್ನು ನಮ್ಮಿಬ್ಬರ ನಡುವೆ ಇಟ್ಟರು. ತವರಿಗೆ ಹೋದೆ, ನಿಜ. ನಾಲ್ಕು ದಿನ ಇದ್ದು ಜೋಳದ ಕಡುಬು ಕಟ್ಟಿಸಿಕೊಂಡು ತಿರುಗಿ ಬಂದೆ.

ಮುಂದೆ ನರ್ಸಬಾಯಿಗೆ ವರ್ಗವಾಯಿತು, ನೌಕರಿ ಮುಗಿಯಿತು, ಸಮುದ್ರದ ಕಡೆಯ ತಂಗಿಯ ಮನೆಗೆ ಹೋದರು. ನಾವೂ ಆಳಂದಕ್ಕೆ ಬಂದೆವು. ಹಬ್ಬಕ್ಕೊಮ್ಮೆ ಫೋನು ಮಾಡಿ, "ಹನುಮಕ್ಕ ಆರಾಮ ಇದ್ದಾಳ್ರಿ" ಎಂದು ಅವರೇ ನಗುತ್ತಿದ್ದರು. ಈ ಸಲ ಫೋನು ಬರಲಿಲ್ಲ. ನಾನೇ ಮಾಡಿದೆ. ಎತ್ತಿದವರು ತಂಗಿಯ ಮಗಳು. ಮಳೆಗಾಲದಲ್ಲೇ ತೀರಿಕೊಂಡರಂತೆ. ನಮ್ಮ ನಂಬರು ಯಾರ ಹತ್ತಿರವೂ ಇರಲಿಲ್ಲವಂತೆ... ಇಷ್ಟು ತಿಂಗಳು ಅವರಿಲ್ಲದ್ದು ತಿಳಿಯದೆಯೇ ನಾನು ಓಡಾಡಿಕೊಂಡಿದ್ದೆನಲ್ಲ ಎಂದು ಬಹಳ ಸಂಕಟವಾಯಿತು.

ಅತ್ತೆಗೆ ಹೇಳಿದೆ. ಅವರಿಗೀಗ ಕಿವಿ ಮಂದ, ಎರಡು ಸಲ ಹೇಳಬೇಕಾಯಿತು. ಬಿಡಿಸುತ್ತಿದ್ದ ತೊಗರಿಕಾಯಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತರು. ಅವರ ಗಂಡ, ಅಂದರೆ ನನ್ನ ಮಾವ, ತೀರಿಕೊಂಡ ದಿನವೂ ಬಂದವರಿಗೆ ತಾವೇ ಚಹಾ ಮಾಡಿದ ಹೆಂಗಸು ಅವರು. ಹೊರಗೆ ಕತ್ತಲಾಗುತ್ತ ಬಂತು. ದೀಪ ಹಾಕೋಣ, ರೊಟ್ಟಿಗೆ ಹಿಟ್ಟು ನಾದೋಣ ಎಂದು ನಾನು ಎದ್ದೆ. ಅತ್ತೆ ನನ್ನ ಸೆರಗು ಹಿಡಿದುಕೊಂಡರು.

"ಕುಂದ್ರು ಬೇ," ಎಂದರು.